ಮೂರು ಮೆಟ್ಟಿಲ ಫೀಸು

ಶಿವಶಂಕರಪ್ಪನವರ ಕೈ ಬಿಗಿ ಎಂದು ಯಾರಾದರೂ ಅಂದರೆ ಗೆಟ್ಟವಾಡಿಯಲ್ಲಿ ನಂಬುವವರಿಲ್ಲ. ಸುತ್ತ ಏಳೂರಲ್ಲಿ ಯಾರ ಮನೆಯ ಮದುವೆಯಾದರೂ ಅವರ ಮುಯ್ಯಿ ಐದು ಸಾವಿರದ ಒಂದು ರೂಪಾಯಿ. ಮುಯ್ಯಿ ಬರೆಯಲು ಕೂರುವವನು ಗುರುಸ್ವಾಮಿ. ಅವನು ಪುಸ್ತಕದಲ್ಲಿ ಬರೆದುಕೊಂಡು, ಮೈಕು ಹಿಡಿದು, ಊರು, ಮನೆ, ಮೊತ್ತ ಮೂರನ್ನೂ ಛತ್ರದ ಸೂರು ಹಾರುವ ಹಾಗೆ ಕೂಗುತ್ತಾನೆ. ಇಂದು ಕೊಟ್ಟದ್ದನ್ನು ನಾಳೆ ಕೊಟ್ಟವರ ಮನೆಯ ಕಾರ್ಯಕ್ಕೆ ಹಿಂದಿರುಗಿಸಬೇಕಲ್ಲ, ಅದಕ್ಕೇ ನಾಲ್ಕು ಜನರ ಕಿವಿಗೆ ಬೀಳಲೇಬೇಕು. ಮಿಕ್ಕವರದ್ದನ್ನು ಒಂದು ಸಲ ಕೂಗಿದರೆ ಶಿವಶಂಕರಪ್ಪನವರದ್ದನ್ನು ಮೂರು ಸಲ. ಆ ಹೆಚ್ಚಿನ ಎರಡು ಕೂಗಿಗೆ ಎಲೆಅಡಿಕೆಯ ಹೆಸರಲ್ಲಿ ಬೇರೆ ಐವತ್ತು ರೂಪಾಯಿ ಸಲ್ಲುತ್ತದೆ ಎಂಬ ಗುಟ್ಟು ಗುರುಸ್ವಾಮಿಯನ್ನು ಬಿಟ್ಟರೆ ಶಿವಶಂಕರಪ್ಪನವರ ಹೆಂಡತಿ ಮಂಗಳಗೌರಿಗೆ ಮಾತ್ರ ಗೊತ್ತು.

ಮೈಕಿಲ್ಲದ ಕಡೆ ಶಿವಶಂಕರಪ್ಪನವರು ಹೇಗಿರುತ್ತಾರೆ ಎಂಬುದೂ ಅವಳಿಗೊಬ್ಬಳಿಗೇ ಗೊತ್ತು. ಬೆಂಕಿಪೊಟ್ಟಣದ ಮೇಲೆ ತಂದ ತಾರೀಕು ಬರೆದಿಡುವ ಗಂಡಸಿನ ಜೊತೆ ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ಅವಳು. ಕೂಲಿಯವರ ಬಟವಾಡೆ ಅವಳ ಕೈಯಿಂದಲೇ ಆಗುತ್ತದೆ ನಿಜ. ಆದರೆ ಅದು ಎಣಿಸಿ ಬಂದು ಎಣಿಸಿ ಹೋಗುವ ದುಡ್ಡು. ಹತ್ತು ರೂಪಾಯಿ ಅವಳ ಬೆರಳಿಗೆ ಅಂಟಿಕೊಂಡದ್ದಿಲ್ಲ.

ಹದಿನಾಲ್ಕು ಎಕರೆ ಹೊಲ, ಎರಡು ಬೋರು, ಒಂದು ಕಡೆ ಕೋಸು, ಇನ್ನೊಂದು ಕಡೆ ಅರಿಸಿನ. ಇಷ್ಟೂ ಇರುವುದು ಶಿವಶಂಕರಪ್ಪನವರ ತಾಯಿಯ ಹೆಸರಲ್ಲಿ. ತಾಯಿ ತೀರಿಕೊಂಡು ಎಂಟು ವರ್ಷವಾಯಿತು, ಹೆಸರು ಮಾತ್ರ ಬದಲಾಗಿಲ್ಲ. ಹಾಗಾಗಿ ಕಾಗದದ ಲೆಕ್ಕದಲ್ಲಿ ಶಿವಶಂಕರಪ್ಪನವರಿಗೆ ಮೊಣಕಾಲೂರುವಷ್ಟು ನೆಲವೂ ಇಲ್ಲ. ವರ್ಷದ ಆದಾಯ ಎಪ್ಪತ್ತೆರಡು ಸಾವಿರ ಎಂದು ಹೇಳಿ ಬರೆಸಿಕೊಂಡ ವರಮಾನದ ಸರ್ಟಿಫಿಕೇಟು ಅವರ ಟ್ರಂಕಿನಲ್ಲಿದೆ. ಮಗನ ಕಾಲೇಜಿಗೆಂದು ಮಾಡಿಸಿದ್ದು. ಮಗ ಓದು ಮುಗಿಸಿ ಚಾಮರಾಜನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟು ದುಡಿಯುತ್ತಿದ್ದರೂ ಅದನ್ನು ವರ್ಷವರ್ಷ ಹೊಸದು ಮಾಡಿಸುವುದನ್ನು ಅವರು ಬಿಟ್ಟಿಲ್ಲ. ಮನೆಯಲ್ಲೊಂದು ಇದ್ದರೆ ಯಾವಾಗಲಾದರೂ ಬೇಕಾಗುತ್ತದೆ, ಕೊಡೆಯ ಹಾಗೆ.

ಇಂಥ ಊರಿನ ಮನಸ್ಸಾಕ್ಷಿಯನ್ನು ನಂಬಿಕೊಂಡು ಮೇಘ ಎಂಬ ಹುಡುಗಿ ಚಿತ್ರ ಬರೆಯುವ ತರಗತಿ ತೆರೆದಳು. ಊರಿನ ಹುಡುಗಿಯೇ. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದವಳು. ಅವಳಪ್ಪ ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಹುಳುಮನೆಗೆ ಸುಣ್ಣ ಹೊಡೆಸಿ, ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದಳು. ಬೋರ್ಡಿನಲ್ಲಿ ಮೂರು ಮೆಟ್ಟಿಲ ಚಿತ್ರ. ಮೇಲಿನ ಮೆಟ್ಟಿಲಿಗೆ ತಿಂಗಳಿಗೆ ಆರುನೂರು, ನಡುವಿನದಕ್ಕೆ ಮುನ್ನೂರು, ಕೆಳಗಿನದಕ್ಕೆ ನೂರು. ಕೆಳಗೆ ಹೀಗೆ ಬರೆದಿತ್ತು: ‘ಕಲೆ ಎಲ್ಲರದು. ನಿಮ್ಮ ಶಕ್ತಿಗೆ ತಕ್ಕ ಮೆಟ್ಟಿಲನ್ನು ನೀವೇ ಆರಿಸಿಕೊಳ್ಳಿ. ದಾಖಲೆ ಬೇಡ.’

ದಾಖಲೆ ಬೇಡ ಎಂಬ ಮಾತನ್ನು ತಾಳವಾಡಿ ಸೀಮೆಯವರು ಹುಟ್ಟಿದಾಗಿನಿಂದ ಕೇಳಿದವರಲ್ಲ. ನಾಲ್ಕು ನುಗ್ಗೆ ಸಸಿ ಬೇಕೆಂದರೂ ಮೂರು ಜೆರಾಕ್ಸ್ ಹಿಡಿದು ಬಿಸಿಲಲ್ಲಿ ನಿಂತು ಅಭ್ಯಾಸವಾದ ಜನ. ಬೋರ್ಡು ಬರೆದವನು ಎಲ್ಲೋ ಒಂದು ಅಕ್ಷರ ನುಂಗಿದ್ದಾನೆ ಎಂದುಕೊಂಡವರೇ ಹೆಚ್ಚು. ಕೆಲವರು ಆಧಾರ್ ತಂದರು, ಕೆಲವರು ರೇಷನ್ ಕಾರ್ಡು ತಂದರು. ಮೇಘ ಕೈಮುಗಿದು ಎಲ್ಲವನ್ನೂ ಹಿಂದಕ್ಕೆ ಕೊಟ್ಟಳು. ಚಿತ್ರ ಚೆನ್ನಾಗಿ ಬರೆಯುವ ಆ ಹುಡುಗಿಯ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿತ್ತು. ಅದಕ್ಕೇ ಫೀಸಿನ ಪುಸ್ತಕ ಬರೆಯಲು ದುಂಡನೆ ಅಕ್ಷರದ ಗುರುಸ್ವಾಮಿಯನ್ನು ಕರೆದು ಕೂರಿಸಿದಳು. ಪಾಪ, ಒಳ್ಳೆಯ ಮನಸ್ಸಿನವರು ಕೆಡುವುದೇ ಇಂಥ ಸಣ್ಣ ಅನುಕೂಲಗಳಿಂದ.

ಮಂಗಳಗೌರಿಗೆ ಆ ಬೋರ್ಡು ಕಂಡ ದಿನದಿಂದ ನಿದ್ದೆ ಸರಿಯಾಗಿ ಬರಲಿಲ್ಲ. ತೌರಿನಲ್ಲಿ ಸುಣ್ಣ, ಕೆಮ್ಮಣ್ಣು ಕಲಸಿ ಗೋಡೆ ತುಂಬ ಬಳ್ಳಿ, ಗಿಳಿ, ನವಿಲು ಬರೆಯುತ್ತಿದ್ದವಳು. ಗಂಡನ ಮನೆಯಲ್ಲೂ ಬರೆದಳು. ಆಮೇಲೆ ಗೋಡೆಗೆ ಟೈಲ್ಸ್ ಬಂದವು, ಒರೆಸುವ ಕೆಲಸವಷ್ಟೇ ಉಳಿಯಿತು. ಈ ಒಂದನ್ನು ಕಲಿಯದೆ ಸಾಯಬಾರದು ಎಂದು ಅವಳಿಗೆ ಬಲವಾಗಿ ಅನ್ನಿಸಿತು. ಒಂದು ಸಂಜೆ ಮುದ್ದೆ ಬಡಿಸುತ್ತಾ ಮಾತು ತೆಗೆದಳು.

“ಚಿತ್ರ ಕಲ್ತು ಈ ವಯಸ್ನಲ್ಲಿ ಏನ್ ಮಾಡೀಯಮ್ಮಿ?” ಎಂದರು ಶಿವಶಂಕರಪ್ಪ. “ಎಷ್ಟಂತೆ?”

“ಮೂರ್ ಮೆಟ್ಲು ಮಾಡವ್ಳೆ. ಆರ್ನೂರು, ಮುನ್ನೂರು, ನೂರು.”

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. “ನೂರು ಯಾರ್ಗೆ?”

“ಇಲ್ದೋರ್ಗಂತೆ.”

“ಮತ್ತೆ? ನಮ್ಗೇನದೆ? ಒಲ ಅವ್ವನ ಎಸ್ರಲ್ಲಿ ಅದೆ.” ಕೈ ತೊಳೆದವರೇ ಟ್ರಂಕು ತೆಗೆದು ಸರ್ಟಿಫಿಕೇಟಿನ ಒಂದು ಜೆರಾಕ್ಸ್ ಹೊರಗೆಳೆದರು. “ತಕೋ. ನೂರ್ ಬರ್ಸು.”

“ದಾಖ್ಲೆ ಬ್ಯಾಡ ಅಂತ ಬೋಲ್ಡಲ್ಲೇ ಬರ್ದವ್ಳಲ್ಲ.”

“ಬ್ಯಾಡ ಅಂದ್ರೂ ಕೊಡ್ಬೇಕು ಕಣಮ್ಮಿ. ಕಾಗ್ದ ಕೊಟ್ ಮ್ಯಾಲೆ ಯಾರೂ ಬಾಯ್ ಬುಡಕಿಲ್ಲ.”

ಆಗ ಗೌರಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆಡಿದ್ದರೆ ನೂರೂ ಇಲ್ಲ, ತರಗತಿಯೂ ಇಲ್ಲ. ಮೆಟ್ಟಿಲು ಸುಳ್ಳಾದರೇನು, ಬಾಗಿಲು ನಿಜದ್ದಲ್ಲವೇ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಳು. ಮನಸ್ಸು ಸುಮ್ಮನಾಯಿತು, ಒಪ್ಪಲಿಲ್ಲ.

ಹೆಸರು ಬರೆಸುವ ದಿನ ಮೇಘ ಆ ಕಾಗದವನ್ನು ನೋಡಿದಳು. ನೆತ್ತಿಯ ಮೇಲೆ ಎರಡು ಬೋರಿನ ನೀರು ಸುರಿದ ಹಾಗಾಯಿತೇನೋ, ಕಣ್ಣು ಪಿಳಿಪಿಳಿ ಬಿಟ್ಟಳು. ಆದರೆ ತಾನೇ ಬರೆಸಿದ ಬೋರ್ಡು ತಲೆಯ ಮೇಲೇ ತೂಗುತ್ತಿತ್ತು. “ಕಾಗ್ದ ಬೇಕಿರ್ನಿಲ್ಲ ಕಣಮ್ಮ. ನಿಮ್ಮ ಮನ್ಸು ಏಳಿದ್ದೇ ಸರಿ,” ಎಂದಳು. ಹೇಳಿದ್ದು ಮನಸ್ಸಲ್ಲ, ಮನೆಯವರು. ಅದನ್ನು ಗೌರಿ ಹೇಳಲಿಲ್ಲ. ಪುಸ್ತಕ ಹಿಡಿದಿದ್ದ ಗುರುಸ್ವಾಮಿ ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ, “ನೂರಾ ಅಕ್ಕಾರೆ?” ಎಂದು ಕೇಳಿದ. “ಬರ್ಕಳಿ,” ಎಂದು ಗೌರಿ ಕಾಗದವನ್ನು ಮೇಘಳ ಕೈಯಲ್ಲೇ ಬಿಟ್ಟು ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಅವಳ ಪಕ್ಕದ ಜಾಗಕ್ಕೆ ಬಂದು ಕೂತವಳು ಪುಟ್ಟನಂಜಮ್ಮ. ಕಾಡಿನಂಚಿನಲ್ಲಿ ಒಂದೂವರೆ ಎಕರೆ ಇಟ್ಟುಕೊಂಡು ರಾಗಿ, ಬೀನ್ಸ್ ಬೆಳೆಯುವ ಹೆಂಗಸು, ಗೌರಿಗಿಂತ ನಾಲ್ಕು ವರ್ಷ ದೊಡ್ಡವಳು. ತನ್ನ ಹೊಲದಲ್ಲಿ ಕೆಲಸವಿಲ್ಲದಾಗ ಗೌರಿಯ ಕೋಸಿನ ಹೊಲಕ್ಕೆ ಕಳೆ ತೆಗೆಯಲು ಬರುತ್ತಾಳೆ, ದಿನಕ್ಕೆ ಮುನ್ನೂರು ಕೂಲಿ. ಇವಳೂ ನೂರೇ ಕೊಟ್ಟಿರುತ್ತಾಳೆ, ಒಂದೇ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೇವೆ ಎಂದುಕೊಂಡಾಗ ಗೌರಿಗೆ ನಾಚಿಕೆಯ ಜೊತೆಗೆ ಎಂಥದೋ ಹಿತವೂ ಆಯಿತು.

ಮೂರು ತಿಂಗಳು ಭಾನುವಾರಕ್ಕೆ ಎರಡು ಗಂಟೆ. ಆ ಎರಡು ಗಂಟೆ ಗೌರಿ ಯಾರಿಗೂ ಬಡಿಸಲಿಲ್ಲ, ಯಾರ ಕೂಗಿಗೂ ಓಗೊಡಲಿಲ್ಲ. ಹಳದಿಗೆ ನೀಲಿ ಬೆರೆಸಿ, ಮಳೆ ನಿಂತ ಮಾರನೆಯ ದಿನದ ಅರಿಸಿನದ ಎಲೆಯ ಹಸಿರು ತಾನಾಗಿ ಎದ್ದು ಬಂದಾಗ ಅವಳಿಗೆ ಅಳು ಬಂತು. ಪುಟ್ಟನಂಜಮ್ಮ ಬರೆದದ್ದು ಆನೆ, ಬರೀ ಆನೆ. ಅದೂ ಕಡಲೆಕಾಯಿ ಗಾತ್ರದ್ದು. ಇಷ್ಟು ಚಿಕ್ಕದೇಕೆ ಎಂದು ಮೇಘ ಕೇಳಿದರೆ, “ನನ್ ರಾಗಿಯೆಲ್ಲಾ ತುಳ್ದಾಕಿ ಓಯ್ತಲ್ಲ ಕೂಸೆ, ಕಾಗ್ದದ್ ಮ್ಯಾಲಾರ ಚಿಕ್ದಾಗಿ ಬಿದ್ದಿರ್ಲಿ,” ಎಂದಳು. ಇಡೀ ಹುಳುಮನೆ ನಕ್ಕಿತು. ಗೌರಿ ಅಷ್ಟು ಜೋರಾಗಿ ನಕ್ಕು ಎಷ್ಟು ವರ್ಷವಾಗಿತ್ತೋ.

ಮೂರು ತಿಂಗಳು ಮುಗಿದ ಭಾನುವಾರ ಎಲ್ಲರ ಚಿತ್ರಗಳನ್ನೂ ಗೋಡೆಗೆ ಹಾಕಿ ಒಂದು ಸಣ್ಣ ಸಮಾರಂಭ ಇಟ್ಟುಕೊಂಡರು. ಮೈಕು ತರಿಸಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಶಿವಶಂಕರಪ್ಪನವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದು ಮುಂದಿನ ಸಾಲಿನ ನಡುಗುರ್ಚಿಯಲ್ಲಿ ಕೂತರು. ಕರೆದವರು ಯಾರೂ ಇಲ್ಲ. ಅಂಥವರನ್ನು ಕರೆಯುವ ಅಗತ್ಯವೂ ಇರುವುದಿಲ್ಲ. ಹೆಂಡತಿ ಬರೆದ ‘ನಮ್ಮ ಮನೆ’ ಎಂಬ ಚಿತ್ರದ ಮುಂದೆ ಎರಡು ನಿಮಿಷ ನಿಂತಿದ್ದರು. ಮನೆ ಇತ್ತು, ಹಿತ್ತಲ ನುಗ್ಗೆ ಮರ ಇತ್ತು, ಕರು ಇತ್ತು.

“ನಾನೆಲ್ಲಮ್ಮಿ?”

“ನೀವು ಪ್ಯಾಟೆಗೋಗಿದ್ರಿ,” ಎಂದಳು ಗೌರಿ.

ಮೇಘ ಎದ್ದು ನಿಂತು ಮಾತಾಡಿದಳು. ಮೇಲಿನ ಮೆಟ್ಟಿಲಿನವರು ಕೊಟ್ಟ ಹೆಚ್ಚಿನ ದುಡ್ಡಿನಿಂದಲೇ ಕೆಳಗಿನ ಮೆಟ್ಟಿಲಿನವರ ಬಣ್ಣ, ಕಾಗದ, ಕುಂಚ ಎಲ್ಲ ಬಂದಿದೆ, ಒಬ್ಬರನ್ನೊಬ್ಬರು ಎತ್ತಿ ಹಿಡಿದಿದ್ದಾರೆ, ಯಾರು ಯಾರನ್ನು ಎಂಬುದು ಯಾರಿಗೂ ತಿಳಿಯಬೇಕಾಗಿಲ್ಲ, ಅದೇ ಇದರ ಸೊಗಸು ಎಂದು ಕಣ್ತುಂಬಿ ಹೇಳಿದಳು. ಹೇಳಿ, ಪುಸ್ತಕ ಬರೆದುಕೊಟ್ಟ ಗುರುಸ್ವಾಮಿಯವರೂ ಎರಡು ಮಾತು ಆಡಲಿ ಎಂದು ಅವನ ಕೈಗೆ ಮೈಕು ಕೊಟ್ಟಳು.

ಮೂವತ್ತು ವರ್ಷದಿಂದ ಗುರುಸ್ವಾಮಿಯ ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಮೈಕು ಇದ್ದಾಗ ಆದದ್ದು ಒಂದೇ ಕೆಲಸ. ಅವನು ಗಂಟಲು ಸರಿಮಾಡಿಕೊಂಡ, ಮೊದಲ ಹಾಳೆ ತೆರೆದ.

“ದೊಡ್ಡಬೀದಿ ಶಕುಂತಲಮ್ಮನವರು, ತಿಂಗಳಿಗೆ ಮುನ್ನೂರು ರೂಪಾಯಿ!”

“ಗುರುಸಾಮಣ್ಣ, ಬ್ಯಾಡ, ಓದ್ಬಾರ್ದು!” ಎಂದು ಮೇಘ ಅವನ ತೋಳು ಹಿಡಿದಳು. ಅವನು ಮೈಕನ್ನು ಪಕ್ಕಕ್ಕೆ ಸರಿಸಿ ಪಿಸುಗುಟ್ಟಿದ: “ಸುರು ಮಾಡ್ ಮ್ಯಾಲೆ ನಡುವ್ಕೆ ಬುಡಬಾರ್ದು ಕೂಸೆ. ಬುಟ್ರೆ ಬುಟ್ಟೋದ್ ಮನೆಯೋರು ನಾಳೆ ನನ್ ಮೊಕ ನೋಡಾರಾ?”

ಗೌರಿ ಬಾಗಿಲ ಕಡೆ ನೋಡಿದಳು. ಓಡಿಹೋಗಬೇಕು ಎನ್ನಿಸಿತು, ದಾರಿ ತುಂಬ ಜನ ಕೂತಿದ್ದರು.

“ಗೆಟ್ಟವಾಡಿ, ಶಿವಶಂಕರಪ್ಪನವರ ಮನೆ, ಮಂಗಳಗೌರಮ್ಮನವರು, ತಿಂಗಳಿಗೆ ನೂರು ರೂಪಾಯಿ!”

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಆದರೆ ಶಿವಶಂಕರಪ್ಪನವರ ಹೆಸರು ಬಂದರೆ ಆ ನಾಲಿಗೆಗೆ ಒಂದೇ ಸಲ ಹೇಳಿ ಗೊತ್ತಿಲ್ಲ. “ಶಿವಶಂಕರಪ್ಪನವರ ಮನೆ, ನೂರು ರೂಪಾಯಿ! ಶಿವಶಂಕರಪ್ಪನವರ ಮನೆ, ನೂರೇ ರೂಪಾಯಿ!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಸ್ವಾಮಿ ಹಾಳೆ ತಿರುವಿದ. “ಕಾಡಂಚಿನ ಮನೆ ಪುಟ್ಟನಂಜಮ್ಮನವರು, ತಿಂಗಳಿಗೆ ಆರುನೂರು ರೂಪಾಯಿ!”

ಯಾರು ಯಾರನ್ನು ಎತ್ತಿ ಹಿಡಿದಿದ್ದರು ಎಂಬುದು ಈಗ ತಾನೆ ಕೇಳಿದ್ದ ಭಾಷಣದ ಪ್ರಕಾರ ಸಣ್ಣ ಮಕ್ಕಳಿಗೂ ತಿಳಿಯಿತು. ಶಿವಶಂಕರಪ್ಪನವರು ಎದ್ದು ನಿಂತರು. ಅವರ ಮುಖ ಕೆಂಪಾಗಿತ್ತು, ಮಾತು ಮಾತ್ರ ನುಣ್ಣಗಿತ್ತು.

“ಎಂಗ್ಸು, ಗೊತ್ತಾಗ್ದೆ ಬರ್ಸ್ಬುಟ್ಟವ್ಳೆ. ನಂಗೆ ಒಂದ್ ಮಾತೂ ಏಳ್ನಿಲ್ಲ. ಬರ್ಕೊ ಗುರುಸಾಮಿ, ಐದ್ ಸಾವ್ರದ್ ಒಂದು!”

ಚಪ್ಪಾಳೆ ಬಿತ್ತು. ಐದು ಸಾವಿರದ ಒಂದು ಮೂರು ಸಲ ಮೊಳಗಿತು. ಗೌರಿ ಗಂಡನ ಬೆನ್ನನ್ನೇ ನೋಡುತ್ತಾ ಕೂತಿದ್ದಳು. ನಾಚಿಕೆಯಿಂದ ಸತ್ತುಹೋಗುತ್ತೇನೆ ಎಂದುಕೊಂಡಿದ್ದವಳಿಗೆ ಈಗ ಬಂದದ್ದು ಸಿಟ್ಟು. ತಾನು ಸುಮ್ಮನಿದ್ದದ್ದು ತಪ್ಪು, ನಿಜ. ಆದರೆ ಟ್ರಂಕು ತೆಗೆದವರು ಯಾರು? ಆ ಸುಳ್ಳನ್ನು ನುಣ್ಣಗೆ ಮಡಿಚಿ ಅವಳ ಸೆರಗಿಗೆ ಕಟ್ಟಿ, ತಾವು ಚಪ್ಪಾಳೆ ಹೊಡೆಸಿಕೊಂಡರಲ್ಲ.

ಎಲ್ಲರೂ ಹೊರಟ ಮೇಲೆ ಪುಟ್ಟನಂಜಮ್ಮನನ್ನು ಬಾಗಿಲಲ್ಲಿ ತಡೆದಳು. “ನೀನ್ಯಾಕ್ ಆರ್ನೂರ್ ಬರ್ಸ್ದೆ ಪುಟ್ನಂಜಮ್ಮ?”

“ಪುಸ್ತಕ ಇಡ್ಕಂಡ್ ಕೂತೋನು ಗುರುಸಾಮಿ,” ಎಂದಳು ಪುಟ್ಟನಂಜಮ್ಮ. “ಅವ್ನು ಬರ್ದ್ ಮ್ಯಾಲೆ ಓದ್ದೆ ಬುಟ್ಟಾನಾ? ಇವತ್ತಲ್ಲ ನಾಳೆ ಓದೇ ಓದಾನೆ ಅಂತ ನಂಗ್ ಗೊತ್ತಿತ್ತು. ಇಲ್ದೋಳು ಅಂತ ಮೈಕಲ್ಲಿ ಕೂಗುಸ್ಕಬೇಕಾ ನಾನು?” ಸೆರಗು ಸಿಕ್ಕಿಸಿಕೊಂಡು, “ತಿಂಗ್ಳಿಗ್ ಎರಡ್ ದಿನದ್ ಕೂಲಿ ಅಷ್ಟೇಯ. ನಿಮ್ಮೊಲದಲ್ಲೇ ತಾನೆ ದುಡ್ದಿದ್ದು, ಗೌರಕ್ಕ,” ಎಂದು ನಕ್ಕು ಹೋದಳು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಗೌರಿಗೆ ಸುಲಭವಾಗುತ್ತಿತ್ತು.

ಮನೆಗೆ ಬಂದ ಮೇಲೆ ಶಿವಶಂಕರಪ್ಪನವರು ತೀರ್ಪು ಕೊಟ್ಟರು: ಚಿತ್ರ ಸಾಕು. ಹೊಸ ತಂಡ ಮುಂದಿನ ಭಾನುವಾರವೇ ಶುರು, ಅವತ್ತೇ ಫೀಸು ಕೊಡಬೇಕು ಎಂದಳು ಗೌರಿ. ಆ ಬಾಗಿಲಿಗೆ ಹೋದರೆ ನನ್ನ ಮಾನ ಇನ್ನೊಂದು ಸಲ ಹೋಗುತ್ತದೆ ಎಂದರು ಅವರು.

“ಐದ್ ಸಾವ್ರ ಕೊಟ್ರಲ್ಲ, ಅದ್ರಲ್ಲೇ ನನ್ ಫೀಸು ಇಡ್ಕಳಿ ಅಂತ ಮೇಘಂಗ್ ಏಳ್ತೀನಿ.”

“ಬರ್ಸಿದ್ದೀನಿ.”

“ಬರ್ಸಾದ್ ಬೇರೆ, ಕೊಡಾದ್ ಬೇರೆ.”

“ಮದ್ವೆಯಾ ಮುಂಜಿಯಾ? ನಾಳೆ ಆ ಕೂಸು ನಂಗೆ ವಾಪಸ್ ಮುಯ್ಯಿ ಮಾಡಾಳಾ?” ಎಂದು ಅವರು ಟಿ.ವಿ. ಹಾಕಿದರು. ಮೈಕಿಗೆ ಕೊಟ್ಟದ್ದನ್ನು ಕೈಗೂ ಕೊಡಬೇಕು ಎಂದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದ ಹಾಗೆ ಅವರಿಗೆ.

ಸೋಮವಾರ ಕೇಳಿದಳು, ಇಲ್ಲ. ಮಂಗಳವಾರ ಕೇಳಿದಳು, ಇಲ್ಲ. ಬುಧವಾರ ಕೇಳಲಿಲ್ಲ. ಗುರುವಾರ ಬೆಳಗ್ಗೆ ಶಿವಶಂಕರಪ್ಪನವರು ಕೋಸಿನ ಲಾರಿಯ ಜೊತೆ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದ ಮೇಲೆ ಗೌರಿ ಹಳೆಯ ಸೀರೆ ಉಟ್ಟು, ತಲೆಗೆ ಟವೆಲು ಸುತ್ತಿ, ಬುತ್ತಿ ಕಟ್ಟಿಕೊಂಡು ಪುಟ್ಟನಂಜಮ್ಮನ ಹೊಲಕ್ಕೆ ಹೋದಳು. ಅಲ್ಲಿ ಬೀನ್ಸ್ ಬಿಡಿಸುತ್ತಿದ್ದರು. ಆಳು ಸಾಲದೆ ಪುಟ್ಟನಂಜಮ್ಮ ಎರಡು ದಿನದಿಂದ ಬೀದಿ ಬೀದಿ ಕರೆಯುತ್ತಿದ್ದಳು.

“ಇದೇನ್ ಗೌರಕ್ಕ?” ಅವಳು ಗಾಬರಿಯಾಗಿ ಎದ್ದು ನಿಂತಳು. ವಿಷಯ ಕೇಳಿದ ಮೇಲೆ, “ಮುಯ್ಯಾಳು ಅಂತ ಬನ್ನಿ ಮತ್ತೆ. ನೀವ್ ಎರಡ್ ದಿನ ನಮ್ಮೊಲಕ್ಕೆ ಬನ್ನಿ, ನಾನ್ ಎರಡ್ ದಿನ ನಿಮ್ಮೊಲಕ್ಕೆ ಬತ್ತೀನಿ. ಮರ್ವಾದೆಯಾಗಿರ್ತದೆ,” ಎಂದಳು.

“ಮುಯ್ಯಾಳ್ ಬ್ಯಾಡ ಪುಟ್ನಂಜಕ್ಕ. ಕೂಲಿ. ನಾಳೆ ಸಂಜಗೆ ಆರ್ನೂರು ನನ್ ಕೈಗ್ ಕೊಡ್ಬೇಕು.”

ಬಟವಾಡೆ ಮಾಡುವುದಕ್ಕೂ ಬೆನ್ನು ಬಗ್ಗಿಸುವುದಕ್ಕೂ ಇರುವ ದೂರ ಮಧ್ಯಾಹ್ನದ ಹೊತ್ತಿಗೆ ಗೌರಿಗೆ ಗೊತ್ತಾಯಿತು. ಸೊಂಟ ಹಿಡಿಯಿತು, ಬೆರಳ ತುದಿ ಹಸಿರಾಯಿತು. ಈ ಹಸಿರಿಗೆ ಎಷ್ಟು ಹಳದಿ, ಎಷ್ಟು ನೀಲಿ ಎಂದು ಲೆಕ್ಕ ಹಾಕುತ್ತಾ ಸಾಲು ಮುಗಿಸಿದಳು. ಮೊದಮೊದಲು ಪಕ್ಕದ ಹೆಂಗಸರು ಮಾತೇ ಆಡಲಿಲ್ಲ. ಊಟದ ಹೊತ್ತಿಗೆ ಒಬ್ಬಳು ಉಪ್ಪಿನಕಾಯಿ ಕೊಟ್ಟಳು.

ಶುಕ್ರವಾರ ಮಧ್ಯಾಹ್ನ ಸುದ್ದಿ ಟೀ ಅಂಗಡಿ ಮುಟ್ಟಿತು. ಸತ್ಯಮಂಗಲದಿಂದ ಆಗ ತಾನೇ ಹಿಂದಿರುಗಿದ್ದ ಶಿವಶಂಕರಪ್ಪನವರು ಅರ್ಧ ಲೋಟ ಟೀ ಹಾಗೇ ಬಿಟ್ಟು, ಅವರ ಜೀವಮಾನದಲ್ಲಿ ಅದೇ ಮೊದಲು, ಬೈಕು ಹತ್ತಿ ಬಂದರು. ಬದುವಿನ ಮೇಲೆ ನಿಂತು ನೋಡಿದರು. ಎಂಟು ಹೆಂಗಸರು ಬಗ್ಗಿದ್ದರು. ಅದರಲ್ಲಿ ಮೂರನೆಯವಳು ಅವರವಳು.

“ಏನಮ್ಮಿ ಇದು! ನನ್ ಮಾನ ತಗೀಬೇಕು ಅಂತ ಒಂಟಿದ್ದೀಯಾ? ಎದ್ ಬಾ ಮೊದ್ಲು!”

ಗೌರಿ ತಲೆಯೆತ್ತಲಿಲ್ಲ. ಉಳಿದ ಏಳು ತಲೆಗಳು ಎದ್ದವು. ಶಿವಶಂಕರಪ್ಪನವರು ಬದು ಇಳಿದು ಹತ್ತಿರ ಬಂದು ದನಿ ತಗ್ಗಿಸಿದರು. “ಆರ್ನೂರ್ ತಾನೆ? ತಕೋ, ನಾನೇ ಕೊಡ್ತೀನಿ. ಬಾ.” ಜೇಬಿಗೆ ಕೈ ಹಾಕಿ ನೋಟು ತೆಗೆದರು. ಎಣಿಸಲೂ ಇಲ್ಲ.

“ನೀವೆಲ್ಲಿಂದ ಕೊಟ್ಟೀರಿ?” ಎಂದಳು ಗೌರಿ. ದನಿ ಏರಲಿಲ್ಲ, ಆದರೆ ಎಂಟು ಸಾಲಿಗೂ ಕೇಳಿಸಿತು. “ವರ್ಸಕ್ಕೆ ಎಪ್ಪತ್ತೆರಡ್ ಸಾವ್ರದ್ ಮನೆ ನಮ್ದು. ಮೊಣಕಾಲೂರಾಕ್ ನೆಲ ಇಲ್ಲ. ಅಂತಾ ಮನೆ ಎಂಗ್ಸು ಕೂಲಿಗೋಗ್ದೆ ಇನ್ನೇನ್ ಮಾಡಾಳು?”

ಶಿವಶಂಕರಪ್ಪನವರು ನೋಟನ್ನು ಇನ್ನಷ್ಟು ಮುಂದೆ ಚಾಚಿದರು.

“ಸುಳ್ಳು ಅಂದ್ರೆ ಕಾಗ್ದ ಮೇಘನ ತಾವ ಅದೆ. ಗುರುಸಾಮಿ ಕೈಲಿ ಮೈಕಲ್ಲಿ ಓದ್ಸಿ. ಮೂರ್ ಸಲ.”

ಏಳು ಹೆಂಗಸರು ಥಟ್ಟನೆ ಬಗ್ಗಿದರು. ನಗು ತಡೆಯಲು ಬೇರೆ ದಾರಿ ಇರಲಿಲ್ಲ. ಶಿವಶಂಕರಪ್ಪನವರು ನೋಟು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಬದು ಹತ್ತಿದರು. ನಾಲ್ಕು ಗಂಟೆಗೆ ಟೆಂಪೊ ಬರುವುದಿತ್ತು, ಇನ್ನೂ ಎರಡು ಮೂಟೆ ತುಂಬಬೇಕಿತ್ತು. ಗೌರಿ ಟವೆಲು ಬಿಗಿದುಕೊಂಡು ಮುಂದಿನ ಸಾಲಿಗೆ ಹೋದಳು.